ಒಡ್ಡಿನ ಬುಡದ ಒರತೆ

ನಾನು ಚಿಕ್ಕವನಿದ್ದಾಗ ಎಂದು ಬಾಯಿ ತೆರೆದರೆ ಸಾಕು, ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತೀರಿ. ಅಜ್ಜನಿಗೆ ಎಲ್ಲಿ ಕಾಣುತ್ತದೆ ಎಂದುಕೊಂಡಿದ್ದೀರಿ. ಕಾಣುತ್ತದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬೇಡವಾದದ್ದೂ ಕಾಣುತ್ತದೆ. ನಗಿರಿ, ಬೇಡ ಎನ್ನುವುದಿಲ್ಲ. ಆದರೆ ಈ ಒಂದು ಸಂಗತಿಯನ್ನು ಮಾತ್ರ ನಡುವೆ ಎದ್ದು ಹೋಗದೆ ಕೇಳಿ. ಎರಡನೇ ಸಲ ಹೇಳೆಂದರೆ ನಾನು ಹೇಳುವವನಲ್ಲ.

ನಮ್ಮ ಊರು ಹುನಗುಂದದ ಸೀಮೆಯಲ್ಲಿ, ಐಹೊಳೆಗೆ ಹೋಗುವ ಹಾದಿಯಿಂದ ಸ್ವಲ್ಪ ಒಳಗೆ ಸರಿದು ಇದೆ. ಊರ ಮೇಲ್ಗಡೆ ಎರಡು ಕೆಂಪು ಗುಡ್ಡಗಳು. ಅವುಗಳ ನಡುವೆ ಹರಿಯುವ ಹಳ್ಳಕ್ಕೆ ಅಡ್ಡವಾಗಿ ಯಾವ ಕಾಲದಲ್ಲೋ ಮಣ್ಣಿನ ಒಡ್ಡು ಹಾಕಿ ಕೆರೆ ಮಾಡಿದ್ದರು. ನೀವು ಆಲಮಟ್ಟಿಯಲ್ಲಿ ನೋಡಿದ ಅಣೆಕಟ್ಟನ್ನು ನೆನೆಸಿಕೊಂಡು ಕೂಡಬೇಡಿ. ನಮ್ಮದಕ್ಕೆ ಗೇಟುಗಳ ಸಾಲಿರಲಿಲ್ಲ, ಹೂದೋಟವಿರಲಿಲ್ಲ, ಹೊರಗೆ ಐಸ್‌ಕ್ರೀಮ್ ಗಾಡಿಯೂ ಇರಲಿಲ್ಲ. ನಾಲ್ಕಾಳು ಎತ್ತರದ ಕೆಂಪು ಮಣ್ಣಿನ ದಿಬ್ಬ, ನೀರಿನ ಕಡೆಗೆ ಕಲ್ಲಿನ ಹಾಸು, ಈಚೆ ಕಡೆಗೆ ಹುಲ್ಲು, ಅಷ್ಟೇ. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋಗಲು ಒಂದು ತುದಿಯಲ್ಲಿ ಕಲ್ಲಿನ ಕೋಡಿ ಇತ್ತು. ಹೊಲಗಳಿಗೆ ನೀರು ಬಿಡಲು ನಡುವೆ ಒಂದು ತೂಬು ಇತ್ತು. ಉದ್ದ ಗಳಕ್ಕೆ ಕಟ್ಟಿದ ಮರದ ಬಿರಡೆಯನ್ನು ಮೇಲಕ್ಕೆಳೆದರೆ ನೀರು ಕಾಲುವೆಗೆ ಬೀಳುತ್ತಿತ್ತು, ಕೆಳಗಿಳಿಸಿದರೆ ನಿಲ್ಲುತ್ತಿತ್ತು.

ಆ ನೀರಿನಿಂದ ಉಳ್ಳಾಗಡ್ಡಿ ಬೆಳೆಯುತ್ತಿದ್ದರು, ಮೆಣಸಿನಕಾಯಿ ಬೆಳೆಯುತ್ತಿದ್ದರು. ಹಿಂಗಾರಿಯಲ್ಲಿ ಬಿಳಿ ಜೋಳ, ಗೋದಿ ಬೆಳೆಯುತ್ತಿದ್ದರು. ಬೇಸಿಗೆಯಲ್ಲಿ ಸುತ್ತಲಿನ ದನಕರುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಕೆರೆಯಲ್ಲಿ ನೀರಿದ್ದರೆ ಊರಿನ ಬಾವಿಗಳಲ್ಲಿ ನೀರು, ಕೆರೆ ಒಣಗಿದರೆ ಬಾವಿಯಲ್ಲಿ ಬರೀ ಕೊಡದ ಸದ್ದು. ಒಡ್ಡಿಗೂ ಹೊಲಗಳಿಗೂ ನಡುವೆ ಹತ್ತು ಹನ್ನೆರಡು ಮನೆಗಳ ಒಂದು ಓಣಿ. ಅದು ನಮ್ಮ ಓಣಿ. ನಾವು ಮಲಗಿದರೆ ತಲೆಯ ಮೇಲೆ ಕೆರೆ.

ಈ ಒಡ್ಡನ್ನು ಕಾಯುವುದು, ತೂಬು ತೆರೆದು ಮುಚ್ಚುವುದು ಅಪ್ಪನ ಕೆಲಸ. ಸುಗ್ಗಿಯಲ್ಲಿ ರೈತರು ಅದಕ್ಕಾಗಿ ಇಷ್ಟು ಜೋಳ ಅಂತ ಕೊಡುತ್ತಿದ್ದರು. ಅಪ್ಪ ಹೆಚ್ಚು ಮಾತಿನವನಲ್ಲ. ಮುಂಜಾನೆ ಎದ್ದವನೇ ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ನನಗೆ ಎಂಟು ತುಂಬಿದಾಗ ಒಡ್ಡಿನ ಬುಡವನ್ನು ನನಗೆ ವಹಿಸಿಕೊಟ್ಟ. ಅಪ್ಪ ಮೇಲೆ, ನಾನು ಕೆಳಗೆ, ಇಬ್ಬರೂ ಒಂದೇ ಹೊತ್ತಿಗೆ ನಡೆಯುತ್ತಿದ್ದೆವು. ಚಪ್ಪಲಿ ಹಾಕಬಾರದು ಎಂದು ಅಪ್ಪನ ಕಟ್ಟಪ್ಪಣೆ. ಹಾಕಲು ನನ್ನಲ್ಲಿ ಚಪ್ಪಲಿ ಇರಲೂ ಇಲ್ಲ, ಆ ಮಾತು ಬೇರೆ. ನೆಲ ಎಲ್ಲಿ ತಂಪಾಗಿದೆ, ಎಲ್ಲಿ ಮೆತ್ತಗಾಗಿದೆ ಎನ್ನುವುದು ಕಣ್ಣಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ ಎನ್ನುತ್ತಿದ್ದ. ಕೋಡಿಯ ಹತ್ತಿರ ಇಬ್ಬರೂ ಸೇರಿದಾಗ ದಿನಾಲೂ ಅದೇ ಎರಡು ಪ್ರಶ್ನೆ ಕೇಳುತ್ತಿದ್ದ.

“ಎಷ್ಟು ಬರಾಕತ್ತೈತಿ? ಎಂಥಾದ ಬರಾಕತ್ತೈತಿ?”

ಮಣ್ಣಿನ ಒಡ್ಡು ಎಂದರೆ ಸ್ವಲ್ಪ ಬೆವರಿಯೇ ಬೆವರುತ್ತದೆ. ಬುಡದಲ್ಲಿ ಅಲ್ಲಲ್ಲಿ ನೀರು ಜಿನುಗುತ್ತದೆ. ಜಿನುಗಿದ ನೀರು ತಿಳಿಯಾಗಿದ್ದರೆ ಹೆದರಬೇಕಾಗಿಲ್ಲ. ಅದು ರಾಡಿಯಾಯಿತೆಂದರೆ ಒಳಗಿನ ಮಣ್ಣನ್ನು ನೀರು ಕಾಳು ಕಾಳಾಗಿ ಹೊತ್ತು ತರುತ್ತಿದೆ ಎಂದು ಅರ್ಥ. ಮೇಲೆ ನೋಡಿದರೆ ಒಡ್ಡು ಗಟ್ಟಿಯಾಗಿಯೇ ಇರುತ್ತದೆ, ಒಳಗೆ ಪೊಳ್ಳಾಗುತ್ತ ಹೋಗಿರುತ್ತದೆ. ಯಾವ ಗಳಿಗೆಯಲ್ಲಿ ಕುಸಿಯುತ್ತದೆ ಎಂದು ಹೇಳಲಾಗದು. ಇದನ್ನು ಅಪ್ಪ ನನಗೆ ಹತ್ತು ಸಲ ಹೇಳಿದ್ದ. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನ ಬಾವಿಗಳ ನೀರು ಸವಳು. ಬಾಯಿಗೆ ಹಾಕಿದರೆ ಉಪ್ಪುಪ್ಪು, ಗಂಟಲಲ್ಲಿ ಏನೋ ಒಗರು ಉಳಿಯುತ್ತಿತ್ತು. ಆ ನೀರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಬೇಯದೆ ಕಾಳು ಕಾಳಾಗಿ ಉಳಿದು ಅವ್ವನಿಗೆ ಸಿಟ್ಟು ತರಿಸುತ್ತಿತ್ತು. ಕೆರೆಯ ನೀರೋ, ದನ ಇಳಿದು ಎಮ್ಮೆ ಮಲಗಿ ಕುಡಿಯುವ ಹಾಗಿರಲಿಲ್ಲ. ಸಿಹಿನೀರಿನ ಬಾವಿ ಇದ್ದದ್ದು ಗುಡ್ಡದ ಆಚೆ. ಹೋಗುವಾಗ ಏರು, ಬರುವಾಗ ತುಂಬಿದ ಕೊಡ ಹೊತ್ತು ಜಾರುವ ಇಳುಕಲು. ದಿನಕ್ಕೆ ನಾಲ್ಕು ಸಲ ಹೋಗಬೇಕು. ಅದು ಅಕ್ಕನ ಪಾಲಿಗೆ ಬಂದ ಕೆಲಸ. ನಾಲ್ಕನೇ ಇಯತ್ತೆಗೆ ಅವಳ ಸಾಲೆ ಬಿಡಿಸಿದ್ದೂ ಅದಕ್ಕಾಗಿಯೇ. ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ, ಅದರ ಮೇಲೆ ಒಂದು ತಾಮ್ರದ ಕೊಡ, ಸೊಂಟದ ಮೇಲೆ ಒಂದು ಮಣ್ಣಿನ ಕೊಡ. ಆಗ ಅವಳಿಗೆ ಹದಿಮೂರೋ ಹದಿನಾಲ್ಕೋ ಇರಬೇಕು.

ಅಕ್ಕ ದಣಿವು ಎಂದು ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಊಟಕ್ಕೆ ಕುಳಿತರೆ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿಬಿಡುತ್ತಿದ್ದಳು. ಅವ್ವ ಮೊಣಕೈಯಿಂದ ತಿವಿದರೆ ಎಚ್ಚೆತ್ತು, ಏನೂ ಆಗದವಳಂತೆ ಉಳಿದ ತುತ್ತು ನುಂಗುತ್ತಿದ್ದಳು. ಹಿಮ್ಮಡಿ ಒಡೆದು ಸೀಳಿ ಹೋಗಿದ್ದವು. ಬೇಸಿಗೆಯಲ್ಲಿ ಅವಳು ನಡೆದು ಬಂದ ಕಲ್ಲಿನ ಮೇಲೆ ಕೆಲವೊಮ್ಮೆ ರಕ್ತದ ಸಣ್ಣ ಗುರುತು ಇರುತ್ತಿತ್ತು. ನಾನು ಅದನ್ನು ನೋಡಿ ಕಾಲಿನಿಂದ ಮಣ್ಣು ಸರಿಸಿ ಮುಚ್ಚುತ್ತಿದ್ದೆ. ಯಾಕೆ ಮುಚ್ಚುತ್ತಿದ್ದೆನೋ ಇವತ್ತಿಗೂ ಗೊತ್ತಿಲ್ಲ.

ಒಂದು ದಿನ ಒಡ್ಡಿನ ಬುಡದ ಹುಲ್ಲಿನಲ್ಲಿ ನಮ್ಮ ಆಕಳ ಕರು ಮಲಗಿ ಏಳಲಾರೆ ಎಂದು ಹಟ ಹಿಡಿಯಿತು. ಅಕ್ಕ ಅದನ್ನು ಎಬ್ಬಿಸಲು ಹೋದಳು. ಕರು ಮಲಗಿದ್ದ ಜಾಗ ತಣ್ಣಗಿತ್ತು. ತೆಂಗಿನ ಚಿಪ್ಪಿನಿಂದ ಕೆದರಿದಳು. ಒಂದು ಗೇಣಿಗೆ ನೀರು ಬಂತು. ಕನ್ನಡಿಯ ಹಾಗೆ ತಿಳಿಯಾದ ನೀರು. ನಾಲಗೆಗೆ ಹಚ್ಚಿ ನೋಡಿದರೆ ಸಿಹಿ. ಒಡ್ಡಿನ ಮಣ್ಣು, ಉಸುಕು ಎಲ್ಲ ಹಾದು ಸೋಸಿ ಬಂದ ಕೆರೆಯ ನೀರು ಅದು. ಅಕ್ಕ ಓಡುತ್ತ ಮನೆಗೆ ಬಂದದ್ದನ್ನು ನಾನು ಅವತ್ತೊಂದೇ ದಿನ ನೋಡಿದ್ದು.

ವಾರದೊಳಗೆ ಓಣಿಯ ಹೆಂಗಸರೆಲ್ಲ ಸೇರಿ ಅದನ್ನು ಮೊಣಕಾಲುದ್ದ ಮಾಡಿದರು. ಸುತ್ತ ಕಲ್ಲಿಟ್ಟರು. ನಮ್ಮ ಕಡೆ ಹಳ್ಳದ ಉಸುಕಿನಲ್ಲಿ ಹೀಗೆ ತೋಡಿ ನೀರು ತೆಗೆಯುವುದು ಎಲ್ಲರಿಗೂ ರೂಢಿಯೇ. ಅದಕ್ಕೆ ಒರತೆ ಎನ್ನುತ್ತೇವೆ. ಹಳ್ಳದಲ್ಲಿ ತೋಡಿದರೆ ಯಾರಿಗೂ ತೊಂದರೆ ಇಲ್ಲ. ಇವರು ತೋಡಿದ್ದು ಒಡ್ಡಿನ ಕಾಲಬುಡದಲ್ಲಿ. ಅಪ್ಪನ ಮುಖ ಕಪ್ಪಿಟ್ಟಿತು.

“ಒಡ್ಡಿನ ಕಾಲು ಕೆದರಬ್ಯಾಡ್ರೆವ್ವಾ,” ಎಂದ.

ಯಾರೂ ಎದುರು ಮಾತಾಡಲಿಲ್ಲ, ಯಾರೂ ಕೇಳಲೂ ಇಲ್ಲ. ಅವತ್ತು ರಾತ್ರಿಯ ಊಟಕ್ಕೆ ಅವ್ವ ಆ ನೀರಲ್ಲಿ ಬೇಳೆ ಬೇಯಿಸಿದ್ದಳು. ಬೇಳೆ ಬೆಣ್ಣೆಯಾಗಿತ್ತು. ಅಪ್ಪ ಎರಡು ಸಲ ಹಾಕಿಸಿಕೊಂಡ. ಕೈ ತೊಳೆಯುವಾಗ ಅಕ್ಕನ ಕಾಲಿನ ಕಡೆ ಒಮ್ಮೆ ನೋಡಿದ. ಆಮೇಲೆ ಗೋಡೆಗೆ ಹೇಳುವವನಂತೆ ಹೇಳಿದ: “ತಿಳಿ ಇರೂತನಕ ಇರಲಿ. ರಾಡಿ ಆದ ದಿನ ಮುಚ್ಚತೇನಿ. ಆಗ ನನ್ನ ಯಾರೂ ತಡೀಬ್ಯಾಡ್ರಿ.”

ಎರಡು ವರ್ಷ ಅದು ತಿಳಿಯಾಗಿಯೇ ಇತ್ತು. ಪ್ರತಿ ಬೇಸಿಗೆಯಲ್ಲಿ ಕೆರೆ ಇಳಿದಾಗ ಹೆಂಗಸರು ಇನ್ನೊಂದಿಷ್ಟು ಆಳ ತೋಡಿದರು. ಅಕ್ಕನ ಹಿಮ್ಮಡಿ ಕೂಡಿಕೊಂಡವು. ಮಧ್ಯಾಹ್ನ ನನ್ನ ಜೊತೆ ಕುಳಿತು ಕುಂಟಬಿಲ್ಲೆಯ ಕಲ್ಲು ತಿಕ್ಕುವಷ್ಟು ಪುರಸೊತ್ತು ಅವಳಿಗೆ ಸಿಕ್ಕಿತು. ಅವಳಿಗೆ ಹಾಡು ಬರುತ್ತದೆ ಎಂದು ನನಗೆ ಗೊತ್ತಾದದ್ದೂ ಆವಾಗಲೇ. ಒರತೆಯ ಅಂಚಿನಲ್ಲಿ ಕುಳಿತು ಚಿಪ್ಪಿನಿಂದ ನೀರು ಮೊಗೆಯುತ್ತ ಸಣ್ಣದಾಗಿ ಗುನುಗುತ್ತಿದ್ದಳು.

ಮೂರನೇ ವರ್ಷ ಹಸ್ತಾ ಮಳೆ ಜಡಿಯಿತು. ನಾನು ಹುಟ್ಟಿದ ಮೇಲೆ ಕೆರೆ ಅಷ್ಟು ತುಂಬಿದ್ದನ್ನು ಕಂಡಿರಲಿಲ್ಲ. ನೀರು ಕೋಡಿಯ ಕಲ್ಲಿಗೆ ಬಂದು ನಿಂತಿತು. ಊರಿಗೆ ಊರೇ ಒಡ್ಡಿನ ಮೇಲೆ ಬಂದು ನೋಡಿ ಹೋಯಿತು. ರೈತರು ಉಳ್ಳಾಗಡ್ಡಿ ಸಸಿ ಹಚ್ಚಿದರು, ಮೆಣಸಿನ ಗಿಡಕ್ಕೆ ಗೊಬ್ಬರ ಹಾಕಿದರು. ಅಪ್ಪನೊಬ್ಬನಿಗೇ ನಿದ್ದೆ ಇಲ್ಲ. ದಿನಕ್ಕೆ ಒಂದು ಸಲ ನಡೆಯುತ್ತಿದ್ದವನು ನಾಲ್ಕು ಸಲ ನಡೆಯತೊಡಗಿದ.

ಅವತ್ತು ಮುಂಜಾನೆ ಮೋಡ ಹರಿದು ಎಳೆ ಬಿಸಿಲು ಬಿದ್ದಿತ್ತು. ಹಸಿ ಹುಲ್ಲಿನ ವಾಸನೆ, ನೆನೆದ ಸೆಗಣಿಯ ವಾಸನೆ, ದೂರದಲ್ಲಿ ಯಾರದೋ ಒಲೆಯ ಹೊಗೆ. ನಾನು ಹುಲ್ಲಿನ ನೀರಿಗೆ ಕಾಲು ಜುಮ್ಮೆನ್ನಿಸಿಕೊಳ್ಳುತ್ತ ನಡೆಯುತ್ತಿದ್ದೆ. ಒರತೆಯ ಹತ್ತಿರ ಬಂದಾಗ ಕಾಲು ಕಣಕಾಲಿನವರೆಗೆ ಕುಸಿಯಿತು. ಬಗ್ಗಿ ನೋಡಿದೆ. ತಳದಲ್ಲಿ ಉಸುಕು ಕುಣಿಯುತ್ತಿತ್ತು, ಗಡಿಗೆಯಲ್ಲಿ ನುಚ್ಚು ಕುದಿಯುವ ಹಾಗೆ. ನೀರು ಮಜ್ಜಿಗೆಯಂತೆ ಮಬ್ಬಾಗಿತ್ತು. ಕುಣಿಯುವ ಉಸುಕಿನ ಸುತ್ತ ನುಣ್ಣನೆಯ ಕೆಂಪು ಮಣ್ಣು ಬಳೆಯಾಕಾರವಾಗಿ ಕೂತಿತ್ತು. ಕೈಯಲ್ಲಿ ಎತ್ತಿ ತಿಕ್ಕಿದೆ. ಒಡ್ಡಿನ ಮಣ್ಣೇ ಅದು.

ನಾನು ಬಹಳ ಹೊತ್ತು ನಿಂತೆ. ಮೇಲೆ ಅಪ್ಪ ಮುಂದೆ ಹೋಗಿಬಿಟ್ಟಿದ್ದ. ಹೇಳಿದರೆ ಇವತ್ತೇ ಮುಚ್ಚುತ್ತಾನೆ. ಮುಚ್ಚಿದರೆ ನಾಳೆಯಿಂದ ಅಕ್ಕ ಮತ್ತೆ ಗುಡ್ಡ ಹತ್ತಬೇಕು. ರೊಟ್ಟಿ ಹಿಡಿದುಕೊಂಡು ತೂಕಡಿಸುವ ಅವಳ ಮುಖ ಕಣ್ಣಿಗೆ ಬಂತು. ಸಂಜೆಗೆ ತಾನೇ ತಿಳಿಯಾಗಬಹುದು, ರಾತ್ರಿ ಕಪ್ಪೆ ಕೆದಕಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಕೋಡಿಯ ಹತ್ತಿರ ಅಪ್ಪ ಕಾಯುತ್ತಿದ್ದ.

“ಎಂಥಾದ ಬರಾಕತ್ತೈತಿ?”

“ತಿಳಿ ಐತಿ,” ಎಂದೆ.

ಅಪ್ಪ ತಲೆಯಾಡಿಸಿ ಹೊಲದ ಕಡೆ ಹೋದ. ನನ್ನ ಮಾತನ್ನು ಅವನು ಎರಡನೇ ಸಲ ಕೇಳುತ್ತಿರಲಿಲ್ಲ. ಅಷ್ಟು ನಂಬಿದ್ದ. ಒಂದು ಏಟು ಕೊಟ್ಟು ಖರೆ ಹೇಳು ಎಂದಿದ್ದರೆ ಹೇಳಿಬಿಡುತ್ತಿದ್ದೆನೇನೋ.

ಸಾಲೆಯಲ್ಲಿ ಏನು ಕಲಿಸಿದರೋ ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಕಣ್ಣು ಮುಚ್ಚಿದರೆ ಕುಣಿಯುವ ಉಸುಕು. ನಮ್ಮ ಓಣಿಯ ಕೊನೆ ಮನೆಯಲ್ಲಿ ಬಾಣಂತಿ ಇದ್ದಳು. ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಈಗ ಜೋಳ ಹಸನು ಮಾಡುತ್ತಿರುತ್ತಾಳೆ. ನಡುಹಗಲಿನ ಗಂಟೆ ಹೊಡೆದದ್ದೇ ತಡ, ಊಟಕ್ಕೆ ಮನೆಗೆ ಹೋಗದೆ ಸೀದಾ ಒಡ್ಡಿಗೆ ಓಡಿದೆ.

ಒರತೆಯ ಒಂದು ಬದಿಯ ಕಲ್ಲುಗಳು ಒಳಗೆ ಬಿದ್ದಿದ್ದವು. ನೀರು ಉಕ್ಕಿ ಹೊರಗೆ ಹರಿದು ಕೆಂಪಗೆ ಕಾಲುದಾರಿ ದಾಟುತ್ತಿತ್ತು. ಮೇಲೆ ಒಡ್ಡಿನ ಇಳಿಜಾರಿನಲ್ಲಿ ಹುಲ್ಲಿನ ನಡುವೆ ಒಂದು ತಗ್ಗು ಬಿದ್ದಿತ್ತು, ಯಾರೋ ಮಂಡಿಯೂರಿ ಎದ್ದುಹೋದಷ್ಟು. ಮುಂಜಾನೆ ಅದು ಇರಲಿಲ್ಲ. ನಾನು ಹೊಲದ ಕಡೆಗೆ ಓಡಿದೆ.

ಅಪ್ಪ ಉಳ್ಳಾಗಡ್ಡಿ ಹೊಲದಲ್ಲಿ ನೀರು ತಿರುವುತ್ತಿದ್ದ. ನಾನು ಏದುಸಿರು ಬಿಡುತ್ತ ನಿಂತೆ. ಅವನು ನನ್ನ ಮುಖ ನೋಡಿದವನೇ ಸಲಿಕೆ ನೆಲಕ್ಕೆ ಊರಿದ.

“ಎಂಥಾದ?”

“ರಾಡಿ, ಅಪ್ಪಾ.”

“ಯಾವಾಗಿಂದ?”

ಉತ್ತರಕ್ಕೆ ಅವನು ಕಾಯಲಿಲ್ಲ. ಸಲಿಕೆ ಎತ್ತಿಕೊಂಡು ಓಡಿದ. ಅಪ್ಪ ಓಡಿದರೆ ಊರಿಗೆ ಬೇರೆ ಡಂಗುರ ಬೇಕಾಗಿರಲಿಲ್ಲ. ಹೊಲಗಳಲ್ಲಿದ್ದವರು ಕೆಲಸ ಬಿಟ್ಟು ಹಿಂದೆ ಬಂದರು. ಮೊದಲು ಓಣಿಯ ಮುದುಕರನ್ನು, ಮಕ್ಕಳನ್ನು, ಆ ಬಾಣಂತಿಯನ್ನು ಗುಡ್ಡದ ಕಡೆಗೆ ಕಳಿಸಿದ. ಆಮೇಲೆ ಒರತೆಯ ಮುಂದೆ ಕುಳಿತು ಒಳಗೆ ಕೈಯಿಟ್ಟ. ಹೊರಗೆ ತೆಗೆದ ಅಂಗೈಯ ಮೇಲೆ ಕೆಂಪು ಮಣ್ಣು.

ಗಂಡಸರು ಜಿಗಿ ಕರಿಮಣ್ಣಿನ ಹೆಂಟೆಗಳನ್ನು ತಂದು ತೂತಿಗೆ ಗಿಡಿಯಲು ಹೊರಟರು. ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಅಪ್ಪ ಅಡ್ಡ ನಿಂತ.

“ಬಾಯಿ ಮುಚ್ಚಬ್ಯಾಡ್ರಿ. ಇಲ್ಲೆ ಮುಚ್ಚಿದ್ರ ಬ್ಯಾರೆ ಕಡೆ ಬಾಯಿ ತೆಗೀತೈತಿ. ನೀರು ಹೋಗಲಿ, ಮಣ್ಣಷ್ಟ ಹೋಗಬಾರದು. ಹಳ್ಳದ ಉಸುಕು ತರ್ರಿ.”

ಮೊದಲು ಉಸುಕು, ಅದರ ಮೇಲೆ ಗರಸು, ಅದರ ಮೇಲೆ ಸಣ್ಣ ಕಲ್ಲು, ಕೊನೆಗೆ ದೊಡ್ಡ ಕಲ್ಲು. ಚಹಾ ಸೋಸುವ ಜರಡಿಯ ಹಾಗೆ. ನೀರು ಅದರೊಳಗಿಂದ ಹಾದು ಹೊರಗೆ ಬರಬೇಕು, ಮಣ್ಣು ಒಳಗೇ ನಿಲ್ಲಬೇಕು. ಇದನ್ನು ಅಪ್ಪ ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಅವನಿಗೆ ಓದಲು ಬರುತ್ತಿರಲಿಲ್ಲ. ಅವನ ಅಪ್ಪ ಮಾಡಿದ್ದನ್ನು ನೋಡಿದ್ದ.

ಅಷ್ಟರಿಂದ ಮುಗಿಯಲಿಲ್ಲ. ಒಡ್ಡಿನ ಮೇಲಿನ ಭಾರ ಇಳಿಸಬೇಕಿತ್ತು. ಅಪ್ಪ ತೂಬಿನ ಗಳಕ್ಕೆ ಕೈ ಹಾಕಿದಾಗ ಒಬ್ಬ ಹಿರಿಯರು ಬಂದು ಅದನ್ನು ಹಿಡಿದುಕೊಂಡರು. ಕೆರೆಯ ಕೆಳಗೆ ಅವರದೇ ದೊಡ್ಡ ಮೆಣಸಿನಕಾಯಿ ಹೊಲ.

“ಎಷ್ಟೋ ವರ್ಷಕ್ಕ ತುಂಬೈತಿ. ಹಿಂಗ ಹಳ್ಳಕ್ಕ ಬಿಟ್ರ ನಾವು ಏನ್ ಮಾಡೂದು?” ಎಂದರು.

“ಅರ್ಧಾ ಬಿಡತೇನ್ರಿ. ಇಲ್ಲಂದ್ರ ಪೂರಾ ಹೋಗ್ತೈತಿ, ನಮ್ಮ ಮನಿ ಮ್ಯಾಲೆ ಹಾಯ್ದು ಹೋಗ್ತೈತಿ. ನೀವ ಹೇಳ್ರಿ,” ಎಂದ ಅಪ್ಪ.

ಹಿರಿಯರು ಗಳ ಬಿಟ್ಟರು. ಬಿಟ್ಟು ಅಲ್ಲೇ ಒಡ್ಡಿನ ಮೇಲೆ ಕುಕ್ಕರಿಸಿದರು. ನೀರು ಕಾಲುವೆಯಲ್ಲಿ ಭೋರೆಂದು ಹೋಗುತ್ತಿತ್ತು, ಅವರು ಅದನ್ನೇ ನೋಡುತ್ತ ಕುಳಿತಿದ್ದರು. ಅವರನ್ನು ನೋಡಿ ನನಗೆ ಬಹಳ ಕೆಡುಕೆನಿಸಿತು. ಆ ವರ್ಷ ಅವರ ಮೆಣಸಿನ ಗಿಡ ಅರ್ಧಕ್ಕೇ ಒಣಗಿದವು. ಮುಂದಿನ ಮಳೆಗಾಲದವರೆಗೂ ಅವರು ಅಪ್ಪನ ಜೊತೆ ಮಾತಾಡಲಿಲ್ಲ.

ಹಳ್ಳದಿಂದ ಒಡ್ಡಿಗೆ ಬುಟ್ಟಿಗಳ ಸಾಲು ಹತ್ತಿತು. ಆ ಸಾಲಿನಲ್ಲಿ ಅಕ್ಕನೂ ಇದ್ದಳು. ತಲೆಯ ಮೇಲೆ ಅದೇ ಸಿಂಬಿ, ಅದರ ಮೇಲೆ ಕೊಡದ ಬದಲು ಉಸುಕಿನ ಬುಟ್ಟಿ. ಬಂದು ಒರತೆಯ ಅಂಚಿನಲ್ಲಿ ನಿಂತು ಬುಟ್ಟಿ ಬಗ್ಗಿಸುತ್ತಿದ್ದಳು, ತಿರುಗಿ ಹೋಗುತ್ತಿದ್ದಳು. ಎಷ್ಟು ಬುಟ್ಟಿ ಹಾಕಿದಳೋ. ಅಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಅವಳೇ ಹುಡುಕಿದ ನೀರನ್ನು ಅವಳೇ ಮುಚ್ಚುತ್ತಿದ್ದಳು. ಒಮ್ಮೆ ನನ್ನ ಪಕ್ಕದಲ್ಲೇ ಹಾದಳು. ನಾನು ಕಲ್ಲು ಹೊರುವ ನೆವದಲ್ಲಿ ತಲೆ ಬಗ್ಗಿಸಿದೆ.

ಹೊತ್ತು ಮುಳುಗುವ ಮುಂಚೆ ದೊಡ್ಡ ಕಲ್ಲುಗಳನ್ನೂ ಪೇರಿಸಿಯಾಗಿತ್ತು. ಕೆರೆಯ ನೀರು ಕೋಡಿಯಿಂದ ಒಂದು ಮೊಳ ಇಳಿದಿತ್ತು. ಎಲ್ಲರೂ ಕಲ್ಲುಗಳ ಸಂದಿಯನ್ನೇ ನೋಡುತ್ತ ನಿಂತರು. ಮೊದಲು ಕೆಂಪು ನೀರು, ಆಮೇಲೆ ಮಬ್ಬು ನೀರು, ಕೊನೆಗೆ ತಿಳಿ. ಅಪ್ಪ ಬೊಗಸೆಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದ. ಇನ್ನು ಮೇಲೆ ಯಾರೂ ಇಲ್ಲಿಗೆ ಕೊಡ ತರಕೂಡದು ಎಂದ. ಬೇಸಿಗೆಯಲ್ಲಿ ಕೆರೆ ಇಳಿದ ಮೇಲೆ ಆ ಜಾಗವನ್ನು ಅಗೆದು, ಜಿಗಿಮಣ್ಣು ತುಂಬಿ ದಮ್ಮಸ್ಸು ಮಾಡಿ ಸರಿ ಮಾಡಿದರು. ಆದರೆ ಒಡ್ಡು ಉಳಿದದ್ದು ಅವತ್ತಿನ ಉಸುಕಿನಿಂದ.

ಜನ ಚದುರಿದ ಮೇಲೆ ಅಪ್ಪ ಕಾಲುವೆಯಲ್ಲಿ ಕೈ ತೊಳೆಯುತ್ತ ಕೇಳಿದ. “ಮುಂಜಾನೆ ಹೆಂಗಿತ್ತು?”

“ರಾಡಿ ಇತ್ತು,” ಎಂದೆ. ಹೊಡೆತಕ್ಕೆ ಬೆನ್ನು ಬಿಗಿ ಹಿಡಿದು ನಿಂತೆ.

ಅವನು ಹೊಡೆಯಲಿಲ್ಲ. “ನಾಳಿಂದ ಕೆಳಗ ನಾ ನಡೀತೇನಿ. ನೀ ಸಾಲಿಗೆ ಹೋಗು,” ಎಂದ. ಅಷ್ಟು ಹೇಳಿ ಮುಂದೆ ನಡೆದ. ಅಪ್ಪ ನನ್ನನ್ನು ಬಡಿದಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದೆ. ಆ ಮಾತಿನಿಂದಾದ ನೋವು ಮಾತ್ರ ಇವತ್ತಿಗೂ ಹೋಗಿಲ್ಲ.

ಮರುದಿನ ಅಕ್ಕ ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಸಿಂಬಿ ಇಟ್ಟುಕೊಂಡು ಗುಡ್ಡ ಹತ್ತಿದಳು. ಮದುವೆಯಾಗಿ ಹೋಗುವವರೆಗೂ ಹತ್ತಿದಳು.

ಹೋದ ತಿಂಗಳು ಬಾಗಲಕೋಟೆಯಿಂದ ನಿಮ್ಮಿಬ್ಬರನ್ನೂ ಕರೆದುಕೊಂಡು ಹೊರಟಾಗ ದಾರಿಯಲ್ಲಿ ಕಾರು ನಿಲ್ಲಿಸಿ ಆ ಒಡ್ಡು ತೋರಿಸಿದೆನಲ್ಲ, ನಿಮಗೆ ಬಿಸಿಲು ಜಾಸ್ತಿಯಾಗಿ ಒಳಗೇ ಕುಳಿತಿರಿ. ತಪ್ಪಲ್ಲ, ನೋಡುವಂಥದ್ದೇನೂ ಉಳಿದಿಲ್ಲ. ಈಚೆ ಬದಿಗೆಲ್ಲ ಜಾಲಿ ಬೆಳೆದಿದೆ. ಅದರ ಬೇರು ಒಣಗಿದ ಜಾಗದಲ್ಲಿ ನೀರಿಗೆ ದಾರಿಯಾಗುತ್ತದೆ. ಬುಡದಲ್ಲಿ ಯಾರೋ ಜೆಸಿಬಿ ಹಚ್ಚಿ ಮನೆ ಕಟ್ಟಲು ಗರಸು ಒಯ್ದಿದ್ದಾರೆ. ಹೊಲದಲ್ಲಿದ್ದ ಒಬ್ಬ ಹುಡುಗನಿಗೆ ಹೇಳಿದೆ. “ಅದು ಇಲಾಖೆದ್ದು ಬಿಡ್ರಿ ಯಜಮಾನ್ರ, ನಮಗ್ಯಾಕ?” ಎಂದು ಮೋಟರು ಹಚ್ಚಲು ಹೋದ. ಆ ಒಡ್ಡಿನ ಕೆಳಗೇ ಅವನ ಮನೆ. ನನಗೆ ವಾದ ಮಾಡುವ ತ್ರಾಣ ಇರಲಿಲ್ಲ. ಮನೆಗೆ ಬಂದು ಒಂದು ಅರ್ಜಿ ಬರೆದು ಕಳಿಸಿದ್ದೇನೆ, ಉತ್ತರ ಬಂದಿಲ್ಲ, ಮತ್ತೆ ಬರೆಯುತ್ತೇನೆ.

ಅಲ್ಲಿಂದ ಇಳಕಲ್ಲಿಗೆ ಹೋದೆವು, ಅಕ್ಕನ ಮನೆಗೆ. ಅಕ್ಕ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಚಹಾ ಕುಡಿಯುತ್ತ ನಾನು ಇಷ್ಟು ವರ್ಷ ಹೇಳದಿದ್ದ ಮಾತನ್ನು ಅವಳಿಗೆ ಹೇಳಿದೆ. ಅವತ್ತು ನಿನ್ನ ಸಲುವಾಗಿ ಅಪ್ಪನಿಗೆ ಸುಳ್ಳು ಹೇಳಿದ್ದೆ ಎಂದೆ. ಸ್ವಲ್ಪ ಮಟ್ಟಿಗೆ ಅವಳಿಂದ ಹೊಗಳಿಕೆಯನ್ನೂ ಬಯಸಿದ್ದೆ ಎಂದು ಕಾಣುತ್ತದೆ, ಮುದುಕರಿಗೂ ಆ ಚಟ ಹೋಗುವುದಿಲ್ಲ. ಅಕ್ಕ ಬಟ್ಟಲು ಕೆಳಗಿಟ್ಟಳು.

“ನೀ ಒಂದೊಪ್ಪತ್ತು ಮುಚ್ಚಿಟ್ಟಿ ತಮ್ಮಾ. ನಾ ಮೂರು ದಿನ ಮುಚ್ಚಿಟ್ಟಿದ್ದೆ,” ಎಂದಳು. “ನೀ ಬರೂಕಿಂತ ಮೊದಲ ಹೋಗಿ, ರಾಡಿ ನೀರು ಮೊಗದು, ಆ ಕೆಂಪು ಮಣ್ಣು ಬಳದು ಹುಲ್ಲಾಗ ಚೆಲ್ಲಿ ಬರ್ತಿದ್ದೆ. ಅವತ್ತ ಅವ್ವ ಬೀಸಾಕ ಕುಂದ್ರಿಸಿದ್ಲು, ತಡಾ ಆತು.”

ಆಗ ನಿಮ್ಮಿಬ್ಬರಲ್ಲಿ ದೊಡ್ಡವಳಾದ ನೀನೇ ಅಕ್ಕನನ್ನು ಕೇಳಿದೆ: “ಒಡ್ಡು ಒಡೀತೈತಿ ಅಂತ ಗೊತ್ತಿರಲಿಲ್ಲೇನಜ್ಜಿ?”

“ಗೊತ್ತಿತ್ತು ಯವ್ವಾ. ಒಡ್ಡು ಕಾಯಾವನ ಮಗಳು ನಾ, ಗೊತ್ತಿರೂದಿಲ್ಲೇನು? ಭಾಳ ದಣದಿದ್ದೆ. ಇನ್ನೊಂದು ನಾಕು ದಿನ ಆ ಗುಡ್ಡ ಹತ್ತೂದು ತಪ್ಪಲಿ ಅನಕೊಂಡೆ. ಅಷ್ಟ.”

ಆಗ ಮಾಳಿಗೆಯ ಮೇಲಿನ ಟಾಕಿ ತುಂಬಿ ನೀರು ಅಂಗಳಕ್ಕೆ ಸುರಿಯತೊಡಗಿತು. ಮೋಟರು ಬಂದ್ ಮಾಡಬೇಕೆಂದು ಅಕ್ಕ ಮಂಡಿಯ ಮೇಲೆ ಕೈ ಊರಿ ಏಳಲು ಹೊರಟಳು. ಅಷ್ಟರಲ್ಲಿ ನೀನು ಎದ್ದುಬಿಟ್ಟೆ.

“ನೀ ಕುಂದ್ರಜ್ಜಿ, ನಾ ಹೋಗ್ತೇನಿ,” ಎಂದೆ.

ನಿನಗೆ ಅದು ನೆನಪೂ ಇರಲಿಕ್ಕಿಲ್ಲ. ನಿಮ್ಮ ಕಾಲದಲ್ಲಿ ಅದು ದೊಡ್ಡ ಮಾತೇನಲ್ಲ, ನಾಲ್ಕು ಹೆಜ್ಜೆ ನಡೆದು ಒಂದು ಗುಂಡಿ ಒತ್ತಿದರೆ ಮುಗಿಯಿತು. ಅಕ್ಕ ಮತ್ತೆ ಕುಳಿತಳು. ನೀನು ಹೋದ ಬಾಗಿಲನ್ನೇ ನೋಡುತ್ತಿದ್ದಳು. ನಾನು ಬಟ್ಟಲಿನಲ್ಲಿ ತಣ್ಣಗಾದ ಚಹಾ ನೋಡುತ್ತ ಕುಳಿತಿದ್ದೆ. ಅವಳಿಗಾಗಿ ಸುಳ್ಳು ಹೇಳಿದೆ ನಾನು, ಒಂದು ಓಣಿಯ ಜೀವವನ್ನೇ ಪಣಕ್ಕಿಟ್ಟೆ. ಆದರೆ ಅಕ್ಕಾ, ಇವತ್ತೊಂದು ದಿನ ನೀ ಕುಂದ್ರು, ಕೊಡ ನಾ ಹೊತ್ತು ತರ್ತೇನಿ ಅಂತ ಹೇಳಲು ನನಗೆ ಒಂದು ಸಲವೂ ಹೊಳೆಯಲಿಲ್ಲ.